ಏರ್ ಕ್ಲೀನರ್ ತೊಳೆದ ಮೇಲೆ ಎಂಜಿನ್ ಕೆಮ್ಮಿದರೆ



ಹಿಂಗಾರಿ ಬಿತ್ತನೆಗೆ ಮುಂಚೆ ಟ್ರ್ಯಾಕ್ಟರನ್ನೂ, ರಾಶಿ ಕಾಲಕ್ಕೆ ಮುಂಚೆ ಒಕ್ಕಣೆ ಯಂತ್ರದ ಡೀಸೆಲ್ ಎಂಜಿನನ್ನೂ ಬಿಚ್ಚಿ ಶುಚಿ ಮಾಡಿಸುವುದು ಒಳ್ಳೆಯ ಪದ್ಧತಿ. ಆದರೆ ಹೀಗೆ ಶುಚಿ ಮಾಡಿಸಿದ ಮರುದಿನವೇ ಕೆಲವು ಎಂಜಿನ್‌ಗಳು ಮೊದಲಿನ ಹದದಲ್ಲಿ ಓಡುವುದಿಲ್ಲ. ಒಮ್ಮೆ ಏರುತ್ತವೆ, ಒಮ್ಮೆ ಇಳಿಯುತ್ತವೆ, ಹೊಗೆ ಕಾರುತ್ತವೆ, ಭಾರ ಬಿದ್ದರೆ ಕುಸಿಯುತ್ತವೆ. "ನಿನ್ನೆಯವರೆಗೂ ಚೆನ್ನಾಗಿತ್ತು, ತೊಳೆಸಿದ ಮೇಲೆ ಹಾಳಾಯಿತು" ಎಂಬ ದೂರು ನಮ್ಮ ಕ್ಷೇತ್ರೋತ್ಸವಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇಂಥ ಹೊತ್ತಿನಲ್ಲಿ ಅವಸರದಿಂದ ಡೀಸೆಲ್ ಪಂಪನ್ನು ಬಿಚ್ಚಿಸುವುದು, ನಾಜಲ್ ಬದಲಿಸುವುದು, ಸಾವಿರಾರು ರೂಪಾಯಿ ಕಳೆಯುವುದು ವಾಡಿಕೆಯಾಗಿದೆ. ಇದು ಬೇಡ. ನಿನ್ನೆ ಸರಿಯಾಗಿದ್ದ ಎಂಜಿನ್ ಇಂದು ಕೆಟ್ಟಿದ್ದರೆ, ನಿನ್ನೆ ಕೈ ಹಾಕಿದ ಜಾಗದಲ್ಲೇ ಮೊದಲು ನೋಡಬೇಕು. ಬಹುಪಾಲು ದೋಷಗಳು ಅಲ್ಲಿಯೇ ಸಿಗುತ್ತವೆ. ಅವನ್ನು ಸರಿಪಡಿಸಲು ಒಂದೆರಡು ಪಾನಾ, ಸ್ವಲ್ಪ ಹೊಸ ಎಣ್ಣೆ, ಒಂದು ಬಿಳಿ ಬಟ್ಟೆ ಸಾಕು.

ಬೇಸಾಯ ಶಾಸ್ತ್ರದವನು ಎಂಜಿನ್ನಿನ ಮಾತೆತ್ತುವುದೇಕೆಂದು ನೀವು ಕೇಳಬಹುದು. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಉತ್ತರಾರ್ಧದಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತಿದರೆ ಬೆಳೆ ನೆಲದೊಳಗಿನ ತೇವವನ್ನೇ ನಂಬಿಕೊಂಡು ಕೈಗೆ ಬರುತ್ತದೆ. ಮಳೆ ನಿಂತು ಹರಗಲು ಹದ ಬಂದ ದಿನ ಟ್ರ್ಯಾಕ್ಟರ್ ಮೆಕ್ಯಾನಿಕ್‌ನ ದಾರಿ ಕಾಯುತ್ತ ನಾಲ್ಕು ದಿನ ನಿಂತರೆ ಮೇಲ್ಪದರ ಒಣಗಿ, ಬೀಜ ಒಣಮಣ್ಣಿನಲ್ಲಿ ಬೀಳುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಮೊಳಕೆ ಸರಿಹೋಗದು. ಆದ್ದರಿಂದ ಈ ವಿಷಯ ನಮ್ಮ ಶಾಸ್ತ್ರಕ್ಕೂ ಸೇರಿದ್ದೇ.

ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ?

80 ಮಿ.ಮೀ. ಬೋರ್, 110 ಮಿ.ಮೀ. ಸ್ಟ್ರೋಕ್ ಇರುವ 5 ಅಶ್ವಶಕ್ತಿಯ ಒಂಟಿ ಸಿಲಿಂಡರ್ ಎಂಜಿನ್ನನ್ನು ತೆಗೆದುಕೊಳ್ಳೋಣ. ಪಿಸ್ಟನ್ ಒಮ್ಮೆ ಕೆಳಗಿಳಿದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಗಾಳಿ ಒಳಗೆ ಬರುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆಯಂತೆ 750 ಸಲ ಹೀಗೆ ಎಳೆಯುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 25,000 ಲೀಟರ್ ಗಾಳಿ! ಅದೇ ಅವಧಿಯಲ್ಲಿ ಪೂರ್ಣ ಭಾರದಲ್ಲಿ ಸುಡುವ ಡೀಸೆಲ್ ಒಂದು ಲೀಟರಿನ ಆಸುಪಾಸು. ಡೀಸೆಲ್ಲಿನಲ್ಲಿ ಕಸ ಬಂದೀತೆಂದು ನಾವು ಬಟ್ಟೆ ಕಟ್ಟಿ ಸೋಸುತ್ತೇವೆ. ಇಪ್ಪತ್ತೈದು ಸಾವಿರ ಲೀಟರ್ ಗಾಳಿಯ ಧೂಳನ್ನು ತಡೆಯುವ ಡಬ್ಬಿಯ ಕಡೆ ಮಾತ್ರ ನಮ್ಮ ಗಮನ ಕಡಿಮೆ. ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಕಣಗಳು ಉಂಗುರ ಮತ್ತು ಲೈನರ್‌ಗಳ ಲೋಹಕ್ಕಿಂತ ಗಟ್ಟಿ. ಎಣ್ಣೆಯೊಡನೆ ಸೇರಿದರೆ ಅವು ಸಾಣೆ ಹಿಡಿಯುವ ಹಿಟ್ಟಿನಂತೆ ಕೆಲಸ ಮಾಡುತ್ತವೆ.

ಇನ್ನೊಂದು ಸಂಗತಿ ತಿಳಿದಿರಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಡೀಸೆಲ್ ಎಂಜಿನ್‌ಗಳಲ್ಲಿ ಗಾಳಿಯ ದಾರಿಗೆ ಬಾಗಿಲಿಲ್ಲ. ಗವರ್ನರ್ ಹತೋಟಿ ಮಾಡುವುದು ಡೀಸೆಲ್ಲನ್ನು ಮಾತ್ರ. ಗಾಳಿ ಬರುವ ದಾರಿಯಲ್ಲಿ ಉರಿಯುವ ವಸ್ತು ಬೇರೇನಾದರೂ ಬಂದರೆ ಗವರ್ನರ್‌ಗೆ ಅದರ ಮೇಲೆ ಅಧಿಕಾರವಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೊಗೆಯ ಬಣ್ಣ ನೋಡಿ

ತೊಳೆದ ಮೇಲೆ ಎಂಜಿನ್ ಒರಟಾಗಿ ಓಡಿದರೆ ಮೊದಲು ಹೊಗೆ ಕೊಳವೆಯ ಕಡೆ ನೋಡಿ. ಕಪ್ಪು ಹೊಗೆ ಬಂದು ಶಕ್ತಿ ಕುಂದಿದ್ದರೆ ಗಾಳಿ ಸಾಲದೆಂದು ಅರ್ಥ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆಯೊಡನೆ ಎಂಜಿನ್ ಒಂದೊಂದು ಸಲ ತಪ್ಪಿ ಹೊಡೆದುಕೊಳ್ಳುತ್ತಿದ್ದರೆ ಡೀಸೆಲ್ ಉರಿಯದೆ ಹೊರಹೋಗುತ್ತಿದೆ. ಡೀಸೆಲ್ ದಾರಿಯಲ್ಲಿ ಗಾಳಿ ಸೇರಿರಬಹುದು, ಅಥವಾ ವಾಲ್ವು ಸರಿಯಾಗಿ ಕೂರದೆ ಒತ್ತಡ ಸೋರುತ್ತಿರಬಹುದು. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದಾಗ ಒಂದೆರಡು ನಿಮಿಷ ಬರುವ ಬಿಳಿ ಹೊಗೆಗೆ ಹೆದರಬೇಕಿಲ್ಲ. ಹಾಗೆಯೇ, ತೊಳೆಸುವುದಕ್ಕೆ ಮೊದಲೇ ನೀಲಿ ಹೊಗೆ ಬರುತ್ತಿದ್ದ ಹಳೆಯ ಎಂಜಿನ್ನಿನ ಉಂಗುರ ಸವೆದಿರುತ್ತದೆ. ಆ ತಪ್ಪನ್ನು ತೊಳೆದವನ ತಲೆಗೆ ಕಟ್ಟಬಾರದು.

ಎಣ್ಣೆಯ ಬಟ್ಟಲು

ಎಣ್ಣೆ ಬಟ್ಟಲಿನ ಏರ್ ಕ್ಲೀನರ್‌ನಲ್ಲಿ ಗಾಳಿ ನಡುವಿನ ಕೊಳವೆಯಿಂದ ಕೆಳಗಿಳಿದು, ಬಟ್ಟಲಿನ ಎಣ್ಣೆಗೆ ಅಪ್ಪಳಿಸಿ, ತಟ್ಟನೆ ಮೇಲಕ್ಕೆ ತಿರುಗುತ್ತದೆ. ಭಾರದ ಧೂಳು ಎಣ್ಣೆಯಲ್ಲಿ ಉಳಿಯುತ್ತದೆ. ಉಳಿದ ಸಣ್ಣ ಧೂಳನ್ನು ಎಣ್ಣೆಯಿಂದ ಒದ್ದೆಯಾದ ತಂತಿ ಜಾಲರಿ ಹಿಡಿಯುತ್ತದೆ. ಬಟ್ಟಲಿನ ಒಳಗೋಡೆಯಲ್ಲಿ ಎಣ್ಣೆಯ ಮಟ್ಟಕ್ಕೆ ಒಂದು ಗೆರೆ ಅಥವಾ ಬಾಣದ ಗುರುತಿದೆ. ಶುಚಿ ಮಾಡಿದ ಮೇಲೆ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಗುರುತನ್ನು ಕಡೆಗಣಿಸಿದ್ದರಿಂದ ಆಗುವಂಥವು.

"ಸ್ವಲ್ಪ ಹೆಚ್ಚು ಹಾಕಿದರೆ ಒಳ್ಳೆಯದಲ್ಲವೇ?" ಎಂದು ಕೆಲವರು ಕೇಳುತ್ತಾರೆ. ದೀಪಕ್ಕೆ ಎಣ್ಣೆ ಹಾಕುವ ಲೆಕ್ಕ ಇಲ್ಲಿ ನಡೆಯದು. ಗೆರೆ ಮೀರಿ ಹಾಕಿದರೆ ಗಾಳಿಯ ದಾರಿ ಕಿರಿದಾಗುತ್ತದೆ, ಮಿಕ್ಕ ಎಣ್ಣೆಯನ್ನು ಗಾಳಿ ತನ್ನೊಡನೆ ಸಿಲಿಂಡರಿಗೆ ಎಳೆದೊಯ್ಯುತ್ತದೆ. ನೀಲಿ ಹೊಗೆ, ಟಕಟಕ ಬಡಿತ, ತನ್ನಷ್ಟಕ್ಕೆ ಏರುವ ವೇಗ, ಇವು ಅದರ ಲಕ್ಷಣ. ಗೆರೆಗಿಂತ ಕಡಿಮೆ ಹಾಕಿದರೆ ಎಂಜಿನ್ ಮೆತ್ತಗೇ ಓಡುತ್ತದೆ, ಆದರೆ ಧೂಳು ನಿಲ್ಲುವುದಿಲ್ಲ. ಎಣ್ಣೆಯ ದರ್ಜೆಯೂ ಮುಖ್ಯ. ಸಾಮಾನ್ಯವಾಗಿ ಎಂಜಿನ್ನಿಗೆ ಹಾಕುವ ಆಯಿಲನ್ನೇ ಇಲ್ಲಿಯೂ ಹಾಕಬೇಕೆಂದು ಕೈಪಿಡಿಗಳು ಹೇಳುತ್ತವೆ. ಗೇರ್ ಆಯಿಲ್ ಬಹಳ ಮಂದ. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯಲ್ಲಿ ಮಸಿ, ಲೋಹದ ಪುಡಿ ಇರುತ್ತವೆ. ಎರಡೂ ಬೇಡ.

ಜಾಲರಿಯನ್ನು ಸೀಮೆ ಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿ ತೊಳೆದು ತಕ್ಷಣ ಜೋಡಿಸಿದರೆ ಇನ್ನೊಂದು ತೊಂದರೆ. ಜಾಲರಿಯೊಳಗೆ ನಿಂತ ಸೀಮೆ ಎಣ್ಣೆ ಆವಿಯಾಗಿ, ಹನಿಯಾಗಿ ಒಳಗೆ ಹೋಗಿ ಉರಿಯುತ್ತದೆ. ಚಾಲೂ ಮಾಡಿದ ಕೂಡಲೇ ಎಂಜಿನ್ ಜೋರಾಗಿ ಬಡಿಯುತ್ತ ಏರಿ, ನಂತರ ತಹಬಂದಿಗೆ ಬಂದರೆ ಇದೇ ಕಾರಣವಿರಬೇಕು. ತೊಳೆದ ಜಾಲರಿಯನ್ನು ಒರಗಿಸಿಟ್ಟು, ಹನಿ ಪೂರ್ತಿ ನಿಲ್ಲುವವರೆಗೆ ಸೋರಲು ಬಿಡಬೇಕು. ಸಂಜೆ ತೊಳೆದು ಬೆಳಿಗ್ಗೆ ಜೋಡಿಸುವುದು ಉತ್ತಮ. ಪೆಟ್ರೋಲಿನಲ್ಲಿ ತೊಳೆಯುವ ದುಡುಕು ಮಾತ್ರ ಎಂದಿಗೂ ಬೇಡ. ಬೀಡಿಯ ಒಂದು ಕಿಡಿ ಸಾಕು.

ಎಂಜಿನ್ ಕೈ ಮೀರಿ ಓಡಿದರೆ

ಗವರ್ನರ್‌ಗೆ ಅಧಿಕಾರವಿಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಬಟ್ಟಲಿನಲ್ಲಿ ಎಣ್ಣೆ ಬಹಳ ಹೆಚ್ಚಾಗಿದ್ದರೆ, ಆ ಎಣ್ಣೆಯನ್ನೇ ಇಂಧನ ಮಾಡಿಕೊಂಡು ಎಂಜಿನ್ ಭರ್ರೆಂದು ಏರುತ್ತದೆ. ಆಗ ಆಕ್ಸಿಲರೇಟರ್ ಇಳಿಸಿದರೂ ನಿಲ್ಲದು, ಡೀಸೆಲ್ ಕಾಕು ಮುಚ್ಚಿದರೂ ನಿಲ್ಲದು. ಒಳಗೆ ಬಂದ ಎಣ್ಣೆ ತೀರುವವರೆಗೆ ಏರುತ್ತಲೇ ಹೋಗಿ ಕನೆಕ್ಟಿಂಗ್ ರಾಡ್ ಮುರಿಯಬಹುದು, ಗಾಲಿ ಒಡೆದು ಚೂರು ಸಿಡಿಯಬಹುದು. ಕ್ಷಣಗಳ ಮಾತು ಇದು. ಅದಕ್ಕಾಗಿ ಏನು ಮಾಡಬೇಕೆಂಬುದು ಚಾಲೂ ಮಾಡುವುದಕ್ಕೆ ಮೊದಲೇ ಗೊತ್ತಿರಬೇಕು.

ನಿಲ್ಲಿಸುವ ಖಚಿತ ಉಪಾಯ ಗಾಳಿ ಕಟ್ಟುವುದು. ಏರ್ ಕ್ಲೀನರ್‌ನ ಬಾಯಿಗೆ ಸಪಾಟಾದ ಹಲಗೆಯನ್ನಾಗಲಿ, ದಪ್ಪ ರಬ್ಬರ್ ಹಾಳೆಯನ್ನಾಗಲಿ ಒತ್ತಿ ಹಿಡಿಯಬೇಕು. ಬಾಯಿ ಸುತ್ತಲೂ ಕಿಂಡಿಗಳಿರುವ ಮಾದರಿಯಾದರೆ ನಾಲ್ಕು ಮಡಿಕೆ ಮಾಡಿದ ಗೋಣಿ ಚೀಲವನ್ನು ಬಿಗಿಯಾಗಿ ಸುತ್ತಿ ಒತ್ತಬೇಕು. ಅಂಗೈ ಒಡ್ಡಬಾರದು, ತೆಳು ಟವೆಲ್ ಒಡ್ಡಬಾರದು. ಸೆಳೆತ ಬಹಳ ಜೋರಾಗಿರುತ್ತದೆ. ಡಿಕಂಪ್ರೆಷನ್ ಲಿವರ್ ಇರುವ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಅದನ್ನು ಎತ್ತಬಹುದು. ದಿನನಿತ್ಯ ಹಾಗೆ ನಿಲ್ಲಿಸಿದರೆ ವಾಲ್ವುಗಳಿಗೆ ಕೇಡು, ಆದರೆ ಇಂಥ ಆಪತ್ತಿನಲ್ಲಿ ವಾಲ್ವಿನ ಚಿಂತೆ ಮಾಡುವುದಲ್ಲ. ಬೆಲ್ಟಿನ ಮತ್ತು ಗಾಲಿಯ ನೇರದಲ್ಲಿ ಯಾರನ್ನೂ, ವಿಶೇಷವಾಗಿ ಮಕ್ಕಳನ್ನು, ನಿಲ್ಲಗೊಡಬಾರದು. ಹತ್ತಿರ ಹೋಗಲಾಗದಷ್ಟು ವೇಗ ಏರಿದ್ದರೆ ಎಂಜಿನ್ನಿನ ಆಸೆ ಬಿಟ್ಟು ದೂರ ಸರಿಯಿರಿ. ಎಂಜಿನ್ ಕೊಳ್ಳಬಹುದು, ಕೈಕಾಲು ಕೊಳ್ಳಲಾಗದು.

ಶುಚಿ ಮಾಡಿದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ಒಂದು ಹಲಗೆಯನ್ನು ಪಕ್ಕದಲ್ಲಿ ಇಟ್ಟುಕೊಂಡಿರುವುದು ಹೆಚ್ಚಿನ ಶ್ರಮವೇನಲ್ಲ.

ದಾರಿಯಲ್ಲಿ ಉಳಿದದ್ದು

ಏರ್ ಕ್ಲೀನರ್ ಬಿಚ್ಚಿದಾಗ, ಎಂಜಿನ್ನಿನೊಳಗೆ ಕಸ ಬೀಳದಿರಲೆಂದು ಕೊಳವೆಯ ಬಾಯಿಗೆ ಚಿಂದಿ ಬಟ್ಟೆ ತುರುಕುವುದುಂಟು. ಒಳ್ಳೆಯ ಅಭ್ಯಾಸವೇ, ಜೋಡಿಸುವಾಗ ತೆಗೆಯಲು ಮರೆತರೆ ಮಾತ್ರ ಕಪ್ಪು ಹೊಗೆ, ಶಕ್ತಿಹೀನತೆ. ಆ ಬಟ್ಟೆಗೆ ಒಂದು ಉದ್ದ ದಾರ ಕಟ್ಟಿ ಹೊರಗೆ ಇಳಿಬಿಟ್ಟರೆ ಮರೆಯುವ ಮಾತೇ ಇಲ್ಲ. ಹಳೆಯ ರಬ್ಬರ್ ಹೋಸು ಹೊರಗೆ ಗಟ್ಟಿಯಾಗಿ ಕಂಡರೂ ಒಳಪದರ ಸುಲಿದಿರಬಹುದು. ನಿಂತಾಗ ಸುಮ್ಮನಿದ್ದು, ಎಂಜಿನ್ ಜೋರಾಗಿ ಗಾಳಿ ಎಳೆದಾಗ ಆ ಪದರ ಒಳಗೆ ಬಾಗಿ ದಾರಿ ಮುಚ್ಚುತ್ತದೆ. ಖಾಲಿ ಓಡುವಾಗ ಚೆನ್ನಾಗಿದ್ದು ನೇಗಿಲು ಇಳಿಸಿದ ಕೂಡಲೇ ಕಪ್ಪು ಹೊಗೆ ಕಾರುವ ಟ್ರ್ಯಾಕ್ಟರಿನಲ್ಲಿ ಈ ಹೋಸನ್ನು ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿ.

ಕಾಗದದ ಎಲಿಮೆಂಟ್ ಇರುವ ಒಣ ಏರ್ ಕ್ಲೀನರ್‌ಗಳಲ್ಲಿ ತಪ್ಪು ಬೇರೆ ರೀತಿಯದು. ಅದನ್ನು ಡೀಸೆಲ್ಲಿನಲ್ಲಿ ತೊಳೆದರೆ ಕೆಟ್ಟಿತೆಂದೇ ತಿಳಿಯಿರಿ. ನೀರಿನಲ್ಲಿ ತೊಳೆಯಬಹುದೆಂದು ಕೈಪಿಡಿ ಹೇಳಿದ್ದರೆ ಮಾತ್ರ ತೊಳೆದು, ಪೂರ್ತಿ ಒಣಗಿಸಿಯೇ ಹಾಕಬೇಕು. ಒದ್ದೆ ಕಾಗದ ಗಾಳಿ ಬಿಡುವುದಿಲ್ಲ. ಅಂಗೈಗೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ಚದರ ಸೆಂ.ಮೀ.ಗೆ 2 ಕೆ.ಜಿ. ಮೀರದ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಹಾಯಿಸಬೇಕು. ಪಂಕ್ಚರ್ ಅಂಗಡಿಯ ಕೊಳವೆಯನ್ನು ಕಾಗದಕ್ಕೆ ತಾಗಿಸಿ ಪೂರ್ಣ ಒತ್ತಡದಲ್ಲಿ ಊದಿಸಿದರೆ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಕತ್ತಲ ಕೋಣೆಯಲ್ಲಿ ಎಲಿಮೆಂಟಿನೊಳಗೆ ಬ್ಯಾಟರಿ ಬೆಳಕು ಹಿಡಿದು ಸುತ್ತ ತಿರುಗಿಸಿ: ಎಲ್ಲಾದರೂ ಚುಕ್ಕೆಯಂತೆ ಬೆಳಕು ತೂರಿ ಬಂದರೆ ಹೊಸದನ್ನು ತನ್ನಿ. ಎರಡು ಎಲಿಮೆಂಟ್ ಇರುವ ಮಾದರಿಯಲ್ಲಿ ಒಳಗಿನದನ್ನು ಊದಿ ಮತ್ತೆ ಬಳಸುವಂತಿಲ್ಲ, ಬದಲಿಸಬೇಕಷ್ಟೆ.

ಕೆಲವರು ಇನ್ನೂ ಮುಂದೆ ಹೋಗಿ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಒಳಗಿನ ಮಸಿ ಕೆರೆಸುತ್ತಾರೆ. ಕೆರೆದ ಮಸಿಯ ಚೂರು ವಾಲ್ವಿನ ಪೀಠದಲ್ಲಿ ಸಿಕ್ಕಿಕೊಂಡರೆ ವಾಲ್ವು ಪೂರ್ತಿ ಮುಚ್ಚದೆ, ಒಂದು ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ. ಗಾಳಿಯ ಕೊಳವೆಯ ಕಡೆಯಿಂದ ಫುಸ್ ಫುಸ್ ಎಂಬ ಊದು ಕೇಳಿದರೆ ಇದನ್ನು ಸಂಶಯಿಸಬೇಕು. ಹಾಗೇ ಓಡಿಸುತ್ತಿದ್ದರೆ ಸರಿಹೋಗುತ್ತದೆಂದು ಕಾಯಬೇಡಿ. ಇದು ಫಿಟ್ಟರ್ ಕೈಯ ಕೆಲಸ.

ನೀರಿನ ಬಗ್ಗೆಯೂ ಒಂದು ಮಾತು. ಏರ್ ಕ್ಲೀನರ್ ಬಿಚ್ಚಿಟ್ಟು ಟ್ರ್ಯಾಕ್ಟರಿಗೆ ಒತ್ತಡದ ನೀರು ಹೊಡೆಸಬಾರದು. ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ತೊಳೆದ ಮೇಲೆ ಎಂಜಿನ್ ತಿರುಗದೆ ಬಿಗಿದು ನಿಂತರೆ ಬ್ಯಾಟರಿಯಿಂದಾಗಲಿ, ನೂಕಿಯಾಗಲಿ ಚಾಲೂ ಮಾಡಲು ಹೋಗಬೇಡಿ.

ಡೀಸೆಲ್ ದಾರಿಯ ಗಾಳಿ

ಏರ್ ಕ್ಲೀನರ್ ಶುಚಿ ಮಾಡುವಾಗಲೇ ಡೀಸೆಲ್ ಫಿಲ್ಟರನ್ನೂ ಬದಲಿಸುವುದು ರೂಢಿ. ಆಗ ಫಿಲ್ಟರ್ ಡಬ್ಬಿಯಲ್ಲಿ ಗಾಳಿ ನಿಲ್ಲುತ್ತದೆ. ಎಂಜಿನ್ ಚಾಲೂ ಆಗಿ ಒಂದೆರಡು ನಿಮಿಷ ಓಡಿ, ಏರಿಳಿದು, ಬಿಳಿ ಹೊಗೆ ಬಿಟ್ಟು ನಿಂತುಹೋದರೆ ಇದೇ ಕಾರಣವೆಂದು ಹೇಳಬಹುದು. ಫಿಲ್ಟರ್ ಮೇಲಿನ ಗಾಳಿ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಬಿಡಿ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲಿ ಹೀಗೆಯೇ ಮಾಡಿ. ಟ್ಯಾಂಕಿ ಎತ್ತರದಲ್ಲಿರುವ ಚಿಕ್ಕ ಎಂಜಿನ್ನಿನಲ್ಲಿ ಕೈಪಂಪು ಬೇಕಿಲ್ಲ, ಡೀಸೆಲ್ ತಾನೇ ಇಳಿಯುತ್ತದೆ. ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ಫಿಲ್ಟರಿನ ರಬ್ಬರ್ ವಾಷರ್ ಮಡಚಿ ಕೂತಿದೆಯೇ ನೋಡಿ. ನಾಜಲ್ ಸಿಡಿಸುವ ಡೀಸೆಲ್ಲಿಗೆ ಎಂದೂ ಬೆರಳು ಒಡ್ಡಬೇಡಿ. ಅದು ಚರ್ಮ ತೂರಿ ರಕ್ತಕ್ಕೆ ಸೇರುತ್ತದೆ. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಬಿಗಿ ನಿಯಮ ಬಂದಿದ್ದು, ಕಾಮನ್ ರೈಲ್ ಪದ್ಧತಿಯ ಎಂಜಿನ್‌ಗಳು ಹೆಚ್ಚುತ್ತಿವೆ. ಅಂಥ ಎಂಜಿನ್ನಿನ ಹೆಚ್ಚು ಒತ್ತಡದ ಪೈಪಿನ ನಟ್ಟನ್ನು ಮನೆಯಲ್ಲಿ ಸಡಿಲಿಸಲೇಬಾರದು.

ಸದ್ದಿಲ್ಲದ ದೋಷ

ಇಲ್ಲಿಯವರೆಗೆ ಹೇಳಿದ್ದೆಲ್ಲ ಎಂಜಿನ್ ತಾನೇ ಕೂಗಿ ತಿಳಿಸುವ ದೋಷಗಳು. ನನಗೆ ಇವುಗಳಿಗಿಂತ ಹೆಚ್ಚಿನ ಭಯ ಕೂಗದ ದೋಷದ ಬಗ್ಗೆ.

ಔಷಧ ಸಿಂಪಡಿಸುವ ಪವರ್ ಸ್ಪ್ರೇಯರ್, ಹುಲ್ಲು ಕತ್ತರಿಸುವ ಯಂತ್ರ, ಸೀಮೆ ಎಣ್ಣೆಯ ಚಿಕ್ಕ ಪಂಪು, ಇವುಗಳಿಗೆ ಕಾರ್ಬ್ಯುರೇಟರ್ ಇದೆ. ಶುಚಿ ಮಾಡಿದ ನಂತರ ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಕಳ್ಳಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಯಂತ್ರ ನಿಧಾನದಲ್ಲಿ ನಿಲ್ಲದು, ಏರಿಳಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಪಟ್ಟೆಂದು ಸಿಡಿಯುತ್ತದೆ. ಅದೇ ಕಳ್ಳಗಾಳಿ ಡೀಸೆಲ್ ಎಂಜಿನ್ನಿಗೆ ಸೇರಿದರೆ? ಏನೂ ಆಗದಂತೆ ಓಡುತ್ತದೆ. ಗಾಳಿಗೆ ಅಲ್ಲಿ ಕಡಿವಾಣವೇ ಇಲ್ಲವಾದ್ದರಿಂದ ಸೋಸಿದ ಗಾಳಿಯಾದರೂ ಒಂದೇ, ಸೋಸದ ಗಾಳಿಯಾದರೂ ಒಂದೇ. ಹೊಗೆ ಇಲ್ಲ, ಬಡಿತ ಇಲ್ಲ. ತೊಳೆಸಿದ ಮೇಲೆ ಎಂಜಿನ್ ನಯವಾಗಿದೆಯೆಂದು ನಾವು ಸಂತೋಷಪಡುತ್ತಿರುವಾಗ, ಬಟ್ಟಲಿನ ಮಡಚಿದ ವಾಷರಿನಿಂದಲೋ ಸಡಿಲ ಕ್ಲಿಪ್ಪಿನಿಂದಲೋ ಹೊಲದ ಧೂಳು ನೇರ ಸಿಲಿಂಡರಿಗೆ ಇಳಿಯುತ್ತಿರುತ್ತದೆ. ಬರುವ ಹಂಗಾಮಿನಲ್ಲಿ ಚಾಲೂ ಆಗಲು ತಡ, ಆಯಿಲ್ ಬೇಗ ಕಡಿಮೆ, ನೀಲಿ ಹೊಗೆ. ಆಗ ಲೈನರ್, ಪಿಸ್ಟನ್, ಉಂಗುರ ಎಲ್ಲಕ್ಕೂ ಹಣ ಹೂಡಬೇಕು.

ಇದನ್ನು ಹಿಡಿಯಲು ಎರಡು ಪರೀಕ್ಷೆಗಳಿವೆ. ಟರ್ಬೋ ಇಲ್ಲದ ಎಂಜಿನ್ನಿನಲ್ಲಿ, ನಿಧಾನವಾಗಿ ಖಾಲಿ ಓಡುತ್ತಿರುವಾಗ ಏರ್ ಕ್ಲೀನರ್‌ನ ಬಾಯಿಯನ್ನು ಹಲಗೆಯಿಂದ ಪೂರ್ತಿ ಮುಚ್ಚಿ. ಎಂಜಿನ್ ಉಸಿರು ಕಟ್ಟಿ ಕೆಲವೇ ಕ್ಷಣಗಳಲ್ಲಿ ನಿಲ್ಲಬೇಕು. ನಿಲ್ಲದೆ ಓಡುತ್ತಿದ್ದರೆ ಗಾಳಿ ಬೇರೆ ಕಡೆಯಿಂದ ಬರುತ್ತಿದೆ. ಎರಡನೆಯದು ಇನ್ನೂ ಸರಳ, ಎಲ್ಲ ಎಂಜಿನ್ನಿಗೂ ಸಲ್ಲುತ್ತದೆ. ಶುಚಿ ಮಾಡುವ ದಿನ ಏರ್ ಕ್ಲೀನರ್‌ನಿಂದ ಎಂಜಿನ್ನಿಗೆ ಹೋಗುವ ಕೊಳವೆಯ ಒಳಭಾಗವನ್ನು ಚೆನ್ನಾಗಿ ಒರೆಸಿಡಿ. ಎರಡು ದಿನ ಉಳುಮೆಯಾದ ಮೇಲೆ ಎಂಜಿನ್ ನಿಲ್ಲಿಸಿ, ಕೊಳವೆ ಬಿಚ್ಚಿ, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದರೆ ಸೋರಿಕೆ ಇದೆ. ಕೋಲಾರದ ಕೆಮ್ಮಣ್ಣಾಗಲಿ ಗದಗಿನ ಕರಿಮಣ್ಣಾಗಲಿ, ಬಟ್ಟೆ ಸುಳ್ಳು ಹೇಳುವುದಿಲ್ಲ.

ಮೆಕ್ಯಾನಿಕ್ ಬರುವ ಮೊದಲು

ಶಕ್ತಿ ಕಡಿಮೆಯಾಯಿತೆಂದು ಇಂಜೆಕ್ಷನ್ ಪಂಪಿನ ಸೀಲು ಒಡೆದು ಡೀಸೆಲ್ ಹೆಚ್ಚಿಸುವವರಿದ್ದಾರೆ. ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತಿರುವಾಗ ಇನ್ನಷ್ಟು ಡೀಸೆಲ್ ಕೊಟ್ಟರೆ ಹೊಗೆ ಹೆಚ್ಚುತ್ತದೆ, ಎಂಜಿನ್ ಕಾಯುತ್ತದೆ. ಮೊದಲಿನ ದೋಷ ಹಾಗೆಯೇ ಉಳಿದು, ಎರಡನೆಯದೊಂದು ಸೇರುತ್ತದೆ. ಗವರ್ನರ್ ಸ್ಪ್ರಿಂಗನ್ನೂ ಮುಟ್ಟಬೇಡಿ. ಅಂತೆಯೇ, "ಏರ್ ಕ್ಲೀನರ್ ತೆಗೆದರೆ ಚೆನ್ನಾಗಿ ಎಳೆಯುತ್ತದೆ" ಎಂದು ಅದನ್ನು ಶೆಡ್ಡಿನಲ್ಲಿಟ್ಟು ಹರಗಲು ಹೋಗುವುದಂತೂ ಕೂಡದು. ಧೂಳಿಲ್ಲದ ಜಾಗದಲ್ಲಿ, ನೀರೆತ್ತುವ ಪಂಪ್‌ಸೆಟ್ಟನ್ನು ಅರ್ಧ ನಿಮಿಷ ಹಾಗೆ ಓಡಿಸಿ ಕಪ್ಪು ಹೊಗೆ ನಿಲ್ಲುತ್ತದೆಯೇ ನೋಡಬಹುದು. ನಿಂತರೆ ಅಡಚಣೆ ಏರ್ ಕ್ಲೀನರ್‌ನಲ್ಲೇ ಇದೆ ಎಂದಾಯಿತು. ಕೂಡಲೇ ಎಂಜಿನ್ ನಿಲ್ಲಿಸಿ ಅದನ್ನು ಸರಿಪಡಿಸಿ ಹಾಕಿ.

ಇಷ್ಟು ನೋಡಿದರೂ ಹದಕ್ಕೆ ಬಾರದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ. ಬರುವವನಿಗೆ ಏನೇನು ಬಿಚ್ಚಿದ್ದಿರಿ, ಯಾವ ಎಣ್ಣೆ ಎಲ್ಲಿಯವರೆಗೆ ಹಾಕಿದಿರಿ, ಹೊಗೆ ಯಾವ ಬಣ್ಣದ್ದು, ಖಾಲಿ ಓಡುವಾಗಲೋ ಭಾರ ಬಿದ್ದಾಗಲೋ ತೊಂದರೆ, ಇವನ್ನು ಹೇಳಿದರೆ ಅವನ ಅರ್ಧ ದಿನವೂ ನಿಮ್ಮ ಅರ್ಧ ಖರ್ಚೂ ಉಳಿದೀತು.

ಶುಚಿಯ ಅವಧಿ ಕೆಲಸದ ಮೇಲೆ ಹೋಗುತ್ತದೆ. ಒಕ್ಕಣೆ, ಒಣ ಹರಗು, ರಸ್ತೆಯ ಧೂಳಿನ ಸಾಗಣೆ ಇದ್ದಾಗ ಎಣ್ಣೆ ಬಟ್ಟಲನ್ನು ದಿನವೂ ಬಿಚ್ಚಿ ನೋಡಿ. ತಳದಲ್ಲಿ ಕೆಸರು ಕಟ್ಟಿದ್ದರೆ ಅಥವಾ ಎಣ್ಣೆ ಗಂಜಿಯಂತೆ ಮಂದವಾಗಿದ್ದರೆ ಚೆಲ್ಲಿ, ಬಟ್ಟಲು ತೊಳೆದು ಒರೆಸಿ, ಗೆರೆಯವರೆಗೆ ಹೊಸ ಎಣ್ಣೆ ಹಾಕಿ. ಬಾವಿಯ ದಂಡೆಯಲ್ಲಿ ಹಸಿರಿನ ನಡುವೆ ಓಡುವ ಪಂಪ್‌ಸೆಟ್ಟಿಗೆ ಇಷ್ಟು ಬೇಗ ಬೇಕಾಗದು, ಕೈಪಿಡಿಯಲ್ಲಿ ಹೇಳಿದ ಗಂಟೆಗಳ ಲೆಕ್ಕ ಸಾಕು. ಒಣ ಎಲಿಮೆಂಟನ್ನು ಮಾತ್ರ ದಿನವೂ ತೆಗೆದು ಹಾಕುವುದು ಬೇಡ. ತೆಗೆದು ಹಾಕಿದಷ್ಟೂ ಅದರ ಅಂಚಿನ ರಬ್ಬರ್ ಸಡಿಲವಾಗುತ್ತದೆ. ಸೂಚಕ ಕೆಂಪು ತೋರಿದಾಗ, ಅಥವಾ ಕೈಪಿಡಿಯ ಅವಧಿ ಬಂದಾಗ ತೆಗೆದರಾಯಿತು.